ಶುದ್ಧ ಕನ್ನಡದ ಮನೆ

ನಮ್ಮ ದೊಡ್ಡಪ್ಪ ಮುರುಗೆಪ್ಪನವರು ಚೆನ್ನೈನ ಗಿಂಡಿಯಲ್ಲಿರುವ ತಮ್ಮ ಪಂಪ್‌ಸೆಟ್ ಅಂಗಡಿಯಲ್ಲಿ ದಿನವಿಡೀ ನಿರರ್ಗಳ ತಮಿಳು ಮಾತಾಡುತ್ತಾರೆ. ಸಂಜೆ ತಾಂಬರಂನಲ್ಲಿ ಟ್ರೇನ್ ಇಳಿದು ಮನೆಯ ಹೊಸ್ತಿಲು ದಾಟಿದರೆ ಮುಗಿಯಿತು, ಗದಗಿನ ಕನ್ನಡ ಬಿಟ್ಟು ಬೇರೇನೂ ಕಿವಿಗೆ ಬೀಳಬಾರದು. ಕನ್ನಡ ಸಂಘದ ಅಧ್ಯಕ್ಷರಲ್ಲವೇ! ಮದುವೆಯಾದ ಹೊಸದರಲ್ಲೇ ದೊಡ್ಡವ್ವ ನೀಲಗಂಗಮ್ಮನಿಗೆ ಒಂದು ಕಾನೂನು ಮಾಡಿಟ್ಟಿದ್ದರು. ಮಾತಿನ ನಡುವೆ ತಮಿಳು ಶಬ್ದ ನುಸುಳಿದರೆ ಮೊದಲಿನಿಂದ ಹೇಳಬೇಕು.

"ಕಡೈಗೆ ಹೋಗಿದ್ನಿರಿ, ಅಲ್ಲೆ ಒಬ್ಬಾಕಿ..."

"ಅಂಗಡಿ ಅನ್ನು. ಮೊದಲಿಂದ ಹೇಳು."

ಚಿಕ್ಕವಳಿದ್ದಾಗ ನಾನು ಇದನ್ನು ಆಟವೆಂದುಕೊಂಡು ನಗುತ್ತಿದ್ದೆ. ಈಗ ಭಾಷಾವಿಜ್ಞಾನದ ಎಂ.ಎ. ಓದುತ್ತಿದ್ದೇನೆ. ಒಂದು ಮನೆಯ ಒಂದು ದಿನದ ಮಾತನ್ನು ರೆಕಾರ್ಡ್ ಮಾಡಿ, ಧ್ವನಿ, ಪದ, ವಾಕ್ಯ, ಕೊನೆಗೆ ಇಡೀ ಸಂಭಾಷಣೆ, ಹೀಗೆ ಹಂತಹಂತವಾಗಿ ಬಿಡಿಸಿ ನೋಡಬೇಕೆಂದು ಕಾಲೇಜಿನಲ್ಲಿ ಹೇಳಿದ್ದರು. ಸುದ್ದಿ ಕೇಳಿದ್ದೇ ದೊಡ್ಡಪ್ಪ ಹಿಗ್ಗಿದರು.

"ನಮ್ಮನಿದ ಮಾಡು ಶಿಲ್ಪಾ. ರಾಜ್ಯೋತ್ಸವದ ದಿನ ಸಂಘದ ಮಂದಿಗೂ ಕೇಳಸೂಣು. ಚೆನ್ನೈದಾಗ ಇಂಥಾ ಕನ್ನಡ ಮತ್ತೆಲ್ಲೆರೆ ಐತೇನು?"

ಭಾನುವಾರ ಹಾಲ್‌ನ ಮೇಜಿನ ಮೇಲೆ ಫೋನು ಇಟ್ಟೆ. "ಇಡವ್ವಾ, ನನ್ನದೇನೈತಿ ಮಾತು" ಎಂದಳು ದೊಡ್ಡವ್ವ. ಮಧ್ಯಾಹ್ನದ ಹೊತ್ತಿಗೆ ಆಕೆಗೆ ಫೋನು ಇರುವುದೇ ಮರೆತುಹೋಗಿತ್ತು.

ಮರುದಿನ ಸಂಜೆ ಮೂವರೂ ಕೇಳಲು ಕೂತೆವು. ದೊಡ್ಡವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಮೊದಲು ಬೆಳಗಿನ ಮಾತುಗಳನ್ನು ಹಾಕಿದೆ. ಧ್ವನಿಗಳು ಸ್ವಚ್ಛ, ನಾಲ್ಕು ದಶಕ ಚೆನ್ನೈಯಲ್ಲಿದ್ದರೂ ಆಕೆಯ ಉಚ್ಚಾರ ಗದಗನ್ನು ಬಿಟ್ಟು ಕದಲಿಲ್ಲ. ಪದಗಳಲ್ಲಿ ಒಂದೂ ತಮಿಳಿನದಲ್ಲ. ವಾಕ್ಯಗಳೂ ಅಚ್ಚುಕಟ್ಟು. ನಾನು ಒಂದೊಂದನ್ನೇ ಹೇಳಿದ ಹಾಗೆ ದೊಡ್ಡಪ್ಪ ಮೀಸೆ ಸವರಿಕೊಂಡರು.

ಸಂಭಾಷಣೆಗೆ ಬಂದಾಗ ನಾನು ತಡವರಿಸಿದೆ. ಒಂದು ವಾಕ್ಯ ಇನ್ನೊಂದನ್ನು ಕೈಹಿಡಿದು ಮುಂದಕ್ಕೆ ಕರೆದೊಯ್ದರೆ ಅದು ಸಂಭಾಷಣೆ. ಇಲ್ಲಿ ಇದ್ದದ್ದು ಚಹಾ ಆತ್ರಿ, ನೀರು ಕಾದಾವ್ರಿ, ಹೂನ್ರಿ, ಊಟಕ್ಕ ಬರ್ರಿ. ಪ್ರತಿ ಮಾತೂ ಹುಟ್ಟಿದಲ್ಲೇ ಸತ್ತಿತ್ತು. ಇದನ್ನು ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ರೆಕಾರ್ಡಿಂಗ್ ಮಧ್ಯಾಹ್ನಕ್ಕೆ ಬಂತು. ದೊಡ್ಡಪ್ಪ ಸಂಘದ ಸಭೆಗೆ ಹೊರಟರು, ಬಾಗಿಲು ಹಾಕಿದ ಸದ್ದು. ಸ್ವಲ್ಪದರಲ್ಲೇ ಎದುರು ಮನೆಯ ವಿಮಲಾ ಬಂದಳು.

ದೊಡ್ಡವ್ವ ಮಾತಾಡತೊಡಗಿದಳು. ತಮಿಳಿನಲ್ಲಿ. ನಡುನಡುವೆ ಕನ್ನಡ, ಮತ್ತೆ ತಮಿಳು, ತಡೆಯೇ ಇಲ್ಲ. ತಂಗಿ ಬೋರಮ್ಮನ ಕಥೆ ಹೇಳಿ ನಕ್ಕಳು, ಯಾರದೋ ಅಣಕ ಮಾಡಿದಳು. ಆಮೇಲೆ ದನಿ ತಗ್ಗಿತು. ತನ್ನ ಎಡಗಣ್ಣಿನ ದೃಷ್ಟಿ ಮುಕ್ಕಾಲು ಹೋಗಿದೆಯಂತೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸೋಣ ಎಂದಿದ್ದಾರಂತೆ ಡಾಕ್ಟರು. ಬುಧವಾರ ಆಪರೇಷನ್. ಭಯ ಆಗ್ತಿದೆ ಎಂದು ಅತ್ತಳು. ನಾನಿರ್ತೀನಲ್ಲ ಅಕ್ಕಾ, ಎಂದಳು ವಿಮಲಾ.

ನಾನು ಫೋನು ನಿಲ್ಲಿಸಿದೆ. ಇಷ್ಟು ದಿನ ಈ ಮನೆಗೆ ಬಂದುಹೋಗಿ ಮಾಡುತ್ತಿದ್ದರೂ ಏನನ್ನೂ ಗಮನಿಸದ ನನ್ನ ಮೇಲೂ ಸಿಟ್ಟು ಬಂತು. ದೊಡ್ಡಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಎಷ್ಟೆಂದರೂ ತಮಿಳು ಅವರಿಗೆ ಚೆನ್ನಾಗಿ ಬರುತ್ತದೆ, ಒಂದು ಅಕ್ಷರವೂ ತಪ್ಪದೆ ತಿಳಿದಿತ್ತು.

"ನನಗ್ಯಾಕ ಹೇಳಲಿಲ್ಲ?"

ದೊಡ್ಡವ್ವ ಅವರೆಕಾಯಿಯಿಂದ ತಲೆ ಎತ್ತಲಿಲ್ಲ. "ಹೇಳಾಕ ಬಂದಿದ್ನಿರಿ. ಎರಡು ಸಲ ಮೊದಲಿಂದ ಹೇಳು ಅಂದ್ರಿ. ಅಷ್ಟೊತ್ತಿಗೆ ನಿಮಗ ಟ್ರೇನಿಗೆ ಹೊತ್ತಾತು."

ಸಭೆಗಳಲ್ಲಿ ಗಂಟೆಗಟ್ಟಲೆ ಭಾಷಣ ಬಿಗಿಯುವ ಮನುಷ್ಯ ಒಂದು ಮಾತಿಗಾಗಿ ಹುಡುಕಾಡಿದರು.

"ತಮಿಳಿನಾಗ ಹೇಳಿದ್ರೂ ನಡೀತದ," ಎಂದರು ಕೊನೆಗೆ, ಬಹಳ ಮೆಲ್ಲಗೆ. "ಬುಧವಾರ ನಾ ಬರ್ತೀನಿ ನಿನ್ ಸಂಗಾಟ. ಅಂಗಡಿ ಮುಚ್ಚತೀನಿ."

ದೊಡ್ಡವ್ವ ಕಾಳಿನ ಬುಟ್ಟಿ ಎತ್ತಿಕೊಂಡು ಎದ್ದಳು.

"ಬ್ಯಾಡ್ರಿ. ವಿಮಲಾ ಬರ್ತಾಳ."

ಪೂರಾ ಕನ್ನಡ. ದೊಡ್ಡಪ್ಪನಿಗೆ ತಿದ್ದಲು ಏನೂ ಸಿಗಲಿಲ್ಲ.