ಕೆಂಪು ಹಿಡಿದರೆ ಸೋಲು

ಗುರುಪ್ರಸಾದ ಕೈಯಲ್ಲಿ ಹಿಡಿದು ಆಡುವ ತನ್ನ ಹಳೆಯ ವಿಡಿಯೋ ಗೇಮನ್ನು ತಂಗಿ ವಿದ್ಯಾವತಿಗೆ ಕೊಡುವಾಗ ಷರತ್ತು ಹಾಕಿದ್ದ. ಎರಡು ತಿಂಗಳಲ್ಲಿ ಅವಳೇ ಬರೆದ ಆಟ ಅದರಲ್ಲಿ ಓಡಬೇಕು. ಅದನ್ನು ಯಾರಾದರೂ ಹೇಳಿಸಿಕೊಳ್ಳದೆ ಕೊನೆತನಕ ಆಡಬೇಕು. ಇಲ್ಲವಾದರೆ ಗೇಮು ನಬಿಸಾಬನ ಮೊಬೈಲ್ ಅಂಗಡಿಗೆ ಮಾರಾಟಕ್ಕೆ ಹೋಗುತ್ತದೆ.

ವಿದ್ಯಾವತಿ ಇದ್ದ ಕಲಬುರಗಿಯ ಹಾಸ್ಟೆಲಿನಲ್ಲಿ ಮೂರು ವಾರ ಪರದೆ ಬರೀ ಬಿಳಿಯಾಗಿಯೇ ಇತ್ತು. ಅದರಲ್ಲಿ ಒಂದು ಚುಕ್ಕೆ ಮೂಡಿಸಬೇಕಾದರೂ ಮೆಮೊರಿಯ ಯಾವ ಜಾಗದಲ್ಲಿ ಯಾವ ಅಂಕಿ ಬರೆಯಬೇಕೆಂದು ತಾನೇ ಲೆಕ್ಕ ಹಾಕಬೇಕು. ನಾಲ್ಕನೇ ವಾರ ಚುಕ್ಕೆ ಬಂತು. ಚುಕ್ಕೆ ಚೌಕವಾಯಿತು, ಚೌಕ ಬುಟ್ಟಿಯಾಯಿತು, ಬಟನ್ ಒತ್ತಿದರೆ ಬುಟ್ಟಿ ಸರಿಯಿತು. ಆಟದ ನಿಯಮವನ್ನು ಇಂಟರ್‌ನೆಟ್ಟಿನ ಪಾಠದಿಂದ ಹಾಗೆಯೇ ಎತ್ತಿಕೊಂಡಳು: ಮೇಲಿನಿಂದ ಬೀಳುವ ಹಣ್ಣುಗಳಲ್ಲಿ ಹಳದಿ ಹಿಡಿದರೆ ಅಂಕ, ಕೆಂಪು ಹಿಡಿದರೆ ಸೋಲು. ಹಣ್ಣಿಗೆ ಬಾಳೆಯ ಆಕಾರ ಕೊಟ್ಟದ್ದಷ್ಟೇ ಅವಳದು.

ಗಡುವಿನ ಕೊನೆಯ ಭಾನುವಾರ, ಕಮಲಾಪುರದ ಮನೆಯಲ್ಲಿ, ಗೇಮನ್ನು ಅವ್ವ ಸೂಗಮ್ಮನ ಕೈಗಿಟ್ಟಳು. ಕಮಲಾಪುರದ ಕೆಂಪು ಬಾಳೆಯನ್ನು ಇಪ್ಪತ್ತು ವರ್ಷ ಬೆಳೆದ ಹೆಂಗಸು. ಹಳದಿ ಬಿದ್ದಾಗ ಬುಟ್ಟಿ ಪಕ್ಕಕ್ಕೆ ಸರಿಸಿದಳು. ಕೆಂಪು ಕಂಡದ್ದೇ ಬುಟ್ಟಿ ಓಡಿಸಿ ಹಿಡಿದಳು. ಆಟ ಮುಗಿಯಿತು. ಮೂರು ಸಲವೂ ಅದೇ.

“ಅವ್ವ ಸೋತ್ಲು. ನಾಳೆ ಕಪನೂರಕ್ಕ ಕೆಲಸಕ್ಕ ಹೋಗುಮುಂದ ನಬಿಸಾಬಗ ಕೊಟ್ಟು ಹೋಗ್ತೀನಿ,” ಎಂದ ಗುರುಪ್ರಸಾದ.

ಸೂಗಮ್ಮನಿಗೆ ಸಿಟ್ಟು ಬಂತು. “ಕೆಂಪು ಬಾಳಿ ಕೈಬಿಟ್ಟು ಹಳದಿ ಹಿಡಿ ಅಂದ್ರ ಯಾವ ಊರಿನ ಆಟ ಇದು?”

ವಿದ್ಯಾವತಿ ಅಣ್ಣನ ಕಡೆ ತಿರುಗಿದಳು. “ಅವ್ವಂದು ತಪ್ಪಿಲ್ಲಣ್ಣ. ನಂದದ. ಸಂಜಿತನಕ ತಡಿ.”

ಲ್ಯಾಪ್‌ಟಾಪ್ ತೆಗೆದು ಕೆಂಪು, ಹಳದಿಯ ಎರಡು ಸಾಲು ಅದಲುಬದಲು ಮಾಡಿದಳು. ಮೆಮೊರಿ ಕಾರ್ಡಿಗೆ ಹಾಕಿದ ಆಟ ಮೊದಲ ಸಲ ತೆರೆಯಲೇ ಇಲ್ಲ. ಸಾಲಿನ ಕೊನೆಯ ಒಂದು ಆವರಣ ಚಿಹ್ನೆ ಅಳಿಸಿಹೋಗಿತ್ತು. ಅದನ್ನು ಹುಡುಕುವಷ್ಟರಲ್ಲಿ ಅವ್ವ ಹನ್ನೆರಡು ರೊಟ್ಟಿ ಬಡಿದಿದ್ದಳು. ಹೀಗೆ ಆಡು ಎಂದು ಯಾರೂ ಹೇಳಿಕೊಡಲಿಲ್ಲ. ಸೂಗಮ್ಮ ಹಿಟ್ಟಿನ ಕೈ ಒರೆಸಿಕೊಂಡು ಮತ್ತೆ ಮೊದಲಿನ ಹಾಗೆಯೇ ಆಡಿದಳು. ಇಪ್ಪತ್ತು ಕೆಂಪು ಹಣ್ಣು ಬುಟ್ಟಿಗೆ ಬಿದ್ದವು, ಗೆದ್ದಿರಿ ಎಂದು ಪರದೆಯ ಮೇಲೆ ಬಂತು.

ಗುರುಪ್ರಸಾದ ಗೇಮು ಇಸಿದುಕೊಂಡು ತಾನೂ ಕೂತ. ಎರಡನೇ ಹಣ್ಣಿಗೇ ಹಳದಿ ಹಿಡಿದು ಸೋತ. ಅವ್ವ ನಕ್ಕಳು, ಅವನು ನಗಲಿಲ್ಲ.

“ಇಟ್ಕೊ,” ಎಂದು ತಂಗಿಗೆ ವಾಪಸು ಕೊಟ್ಟ. “ಇದರ ಜೋಡಿ ಬಂದಿದ್ದ ಚಾರ್ಜರ್ ಕಪನೂರದ ನನ್ನ ರೂಮಿನಾಗದ. ಬುಧವಾರ ಬಂದು ಒಯ್ಯಿ.”