ಸತ್ಯಪ್ಪಜ್ಜನ ಧೋತರ

ನನ್ನ ಹೊಟ್ಟೆಯಲ್ಲಿರುವುದು ಗಂಡು ಎಂದು ನನ್ನ ಅತ್ತೆ ಸಾವಂತ್ರೆವ್ವನಿಗೆ ಗೊತ್ತು. ಡಾಕ್ಟರು ಹೇಳುವಂತಿಲ್ಲ, ದೇವರು ಹೇಳುವ ಗೋಜಿಗೆ ಹೋಗಿಲ್ಲ, ಆದರೆ ಸಾವಂತ್ರೆವ್ವನಿಗೆ ಗೊತ್ತು. ಏಳುವಾಗ ನಾನು ಬಲಗೈ ಊರುತ್ತೇನಂತೆ. ಎಡಗೈಯಲ್ಲಿ ಚಹದ ಕಪ್ಪು ಹಿಡಿದವಳು ಇನ್ಯಾವ ಕೈ ಊರಬೇಕು ಎಂದು ಕೇಳಿದರೆ, ದುರ್ಗಾಗೆ ಬಾಯಿ ಜಾಸ್ತಿ ಎನ್ನುತ್ತಾಳೆ.

ಜಾಸ್ತಿಯೇ. ಬೈಲಹೊಂಗಲದ ಬಜಾರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು ನಾನು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತು, ಆಮೇಲೆ ಜಂಪರು ಬಿಗಿಯಾಯಿತೆಂದು ಜಗಳಕ್ಕೆ ಬರುವ ಹೆಂಗಸರ ನಡುವೆ ಬಾಯಿಲ್ಲದೆ ಬದುಕಲಾದೀತೇ? ಈಗ ತುಂಬಿದ ತಿಂಗಳೆಂದು ಅಂಗಡಿಗೆ ಬೀಗ ಹಾಕಿ ಸಂಪಗಾಂವಕ್ಕೆ ಬಂದಿದ್ದೆ. ಚೊಚ್ಚಲ ಹೆರಿಗೆ ತವರಿನದು. ನನ್ನ ತವರೆಂದರೆ ನನ್ನ ತಾಯಿಯ ತಾಯಿ, ಅಜ್ಜಿ ರಾಯವ್ವ. ತಾಯಿ ತಂಗೆವ್ವ ನನ್ನನ್ನು ಹೆತ್ತು, ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡಳು. ಅಪ್ಪ ಅನ್ನಿಸಿಕೊಂಡವನು ವರ್ಷ ತುಂಬುವುದರೊಳಗೆ ಮತ್ತೆ ಬಾಸಿಂಗ ಕಟ್ಟಿಸಿಕೊಂಡ. ಅವನ ಸುದ್ದಿ ಇಲ್ಲಿ ಬೇಡ.

ಅವ್ವನ ಒಂದು ಫೋಟೋ ಕೂಡ ಇಲ್ಲ. ಮನೆಯಲ್ಲಿ ಯಾರೂ ಅವಳ ಹೆಸರೆತ್ತುವುದಿಲ್ಲ. ನಾನು ಬಸುರಿಯಾದ ಮೇಲಂತೂ ಎತ್ತಿದವರ ಬಾಯಿ ಮುಚ್ಚಿಸುತ್ತಾರೆ. ಅವಳದೆಂದು ಉಳಿದಿರುವುದು ಅಜ್ಜಿಯ ಟ್ರಂಕಿನ ತಳದಲ್ಲಿರುವ ಒಂದು ಇಳಕಲ್ ಸೀರೆ, ಒಗೆದೊಗೆದು ಮೆತ್ತಗಾದದ್ದು. ಹುಟ್ಟಿದ ಕೂಡಲೇ ನನ್ನ ಕೂಸನ್ನು ಅದರಲ್ಲೇ ಸುತ್ತಬೇಕೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ನನಗಂತೂ ಅವ್ವನ ಮಡಿಲು ಸಿಗಲಿಲ್ಲ. ಕೂಸಿಗಾದರೂ ಅವಳ ಸೆರಗು ಸಿಗಲಿ ಎಂಬ ಆಸೆ.

ಆದರೆ ಆಸೆ ಪಡುವುದಕ್ಕೂ ಪದ್ಧತಿ ಬೇಕಲ್ಲ! ನಮ್ಮವರು ಕೂಸಿಗೆ ಮೊದಲು ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ತುಂಬು ಆಯುಷ್ಯ ಕಂಡ ಮುದುಕರು ಉಟ್ಟ ಬಟ್ಟೆ ತಂದು ಅದರಲ್ಲಿ ಸುತ್ತುತ್ತಾರೆ. ಅವರ ಆಯುಷ್ಯ ಕೂಸಿಗೂ ಹತ್ತುತ್ತದಂತೆ, ಕಜ್ಜಿ ಹತ್ತಿದ ಹಾಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿ ನಗುವ ಮಂದಿಯೇ ಕೂಸು ಹುಟ್ಟುವ ಮುಂಚೆ ಧೋತರ ಹುಡುಕಿಕೊಂಡು ಊರೂರು ತಿರುಗುತ್ತಾರೆ.

ಒಂದು ದಿನ ಮುಂಜಾನೆ ಸಾವಂತ್ರೆವ್ವ ಮಗನ ಆಟೋದಲ್ಲಿ ಬಂದಿಳಿದಳು. ಮಗ ಎಂದರೆ ನನ್ನ ಗಂಡ ಪರಶು. ಒಳ್ಳೆಯವನೇ, ಆದರೆ ತಾಯಿ ಎದುರಿಗಿದ್ದರೆ ಅವನ ನಾಲಿಗೆ ರಜೆಯ ಮೇಲೆ ಹೋಗುತ್ತದೆ. ಅತ್ತೆಯ ಕೈಯಲ್ಲಿ ಜರಿ ಅಂಚಿನ ಹೊಸ ಧೋತರವಿತ್ತು.

"ನಡಿ, ಸಂಗೊಳ್ಳಿಗೆ ಹೋಗಿ ಬರೂಣು," ಅಂದಳು. "ನೂರ ದಾಟಿದ ಸತ್ಯಪ್ಪಜ್ಜ ಅದಾನಲ್ಲ, ಅವಗ ಇದನ್ನ ಕೊಟ್ಟು, ಅವ ಉಟ್ಟ ಧೋತರಾ ತಗೊಂಡ ಬರೂಣು. ಬಸುರಿ ಕೈಯಾರೆ ಇಸಗೋಬೇಕು. ಕಿತ್ತೂರು, ಸವದತ್ತಿ ಮಂದಿ ಸೈತ ಬಂದು ಒಯ್ಯಾಕ ಹತ್ಯಾರ."

"ನನ್ನ ಕೂಸಿಗೆ ನಮ್ಮವ್ವನ ಸೀರಿ ಐತ್ರಿ," ಅಂದೆ.

ನನ್ನ ಬಾಣಂತನದ ಅಂಟಿನ ಉಂಡಿಗೆಂದು ಕೊಬ್ಬರಿ ಹೆರೆಯುತ್ತಿದ್ದ ಅಜ್ಜಿಯ ಕೈ ನಿಂತಿತು. ಸಾವಂತ್ರೆವ್ವ ಹಾವು ಕಂಡವಳಂತೆ ಹಿಂದೆ ಸರಿದಳು.

"ಬಾಣಂತನದಾಗ ಸತ್ತಾಕಿ ಸೀರಿ? ತಲಿ ನೆಟ್ಟಗ ಐತೇನ ನಿಂದು? ರಾಯವ್ವಾ, ನೀವರೆ ಹೇಳ್ರಿ."

ನಾನು ಅಜ್ಜಿಯ ಮುಖ ನೋಡಿದೆ. ಅವಳು ಕೊಬ್ಬರಿ ಬಟ್ಟಲು ನೋಡುತ್ತ, "ಹೋಗಿ ಬಾ ಯವ್ವಾ, ಹಿರ್ಯಾರ ಮಾತ ಮೀರಬ್ಯಾಡ," ಅಂದಳು. ನನಗೆ ಅತ್ತೆಗಿಂತ ಅವಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಸ್ವಂತ ಮಗಳ ಸೀರೆಯ ಪರವಾಗಿ ಒಂದು ಮಾತಾಡಲಾರದ ತಾಯಿ! ಅದೇ ಸಿಟ್ಟಿನಲ್ಲಿ ಹೋಗಿ ಆಟೋ ಹತ್ತಿದೆ.

ಸಂಗೊಳ್ಳಿಯಲ್ಲಿ ಸತ್ಯಪ್ಪಜ್ಜನ ಮನೆ ಕೇಳಬೇಕಾಗಲಿಲ್ಲ. ನನ್ನ ಹೊಟ್ಟೆ ನೋಡಿಯೇ ಜನ ದಾರಿ ತೋರಿಸಿದರು. ಬಾಗಿಲಲ್ಲಿ ಅವನ ಸೊಸೆ ರಾಮವ್ವ, ಪ್ರಸಾದ ಹಂಚುವ ಪೂಜಾರಿಯ ಗತ್ತಿನಲ್ಲಿ ನಿಂತಿದ್ದಳು. ನಮ್ಮ ಹೊಸ ಧೋತರ ಇಸಿದುಕೊಂಡು, ಜರಿ ತಿಕ್ಕಿ ನೋಡಿ, ಗೋದ್ರೇಜ ಕಪಾಟಿನಲ್ಲಿಟ್ಟಳು. ಕಪಾಟಿನ ತುಂಬ ಹೊಸ ಧೋತರಗಳು, ಮಡಿಕೆ ಬಿಚ್ಚದವು.

"ಅಜ್ಜ ಹಿತ್ತಲದಾಗ ಅದಾನ್ರಿ, ಬರ್ರಿ," ಅಂದಳು.

ಹಿತ್ತಲೆಂದರೆ ಎಮ್ಮೆಯ ಗೋದಲಿಯ ಪಕ್ಕ ಒಂದು ಹೊರಸು. ಅದರ ಮೇಲೆ ನಮ್ಮೆಲ್ಲರ ದೀರ್ಘಾಯುಷ್ಯ ಮೊಣಕಾಲು ಮಡಚಿಕೊಂಡು ಮಲಗಿತ್ತು. ಮೈಯಲ್ಲಿ ಎಲುಬು ಬಿಟ್ಟರೆ ಬೇರೇನೂ ಇರಲಿಲ್ಲ. ರಾಮವ್ವ ಹೋದವಳೇ ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಉಟ್ಟಿದ್ದ ಧೋತರ ಎಳೆದು ತೆಗೆದಳು. ಅವನು ತಡೆಯಲಿಲ್ಲ. ರೂಢಿಯಾಗಿತ್ತು. ಬೆತ್ತಲೆ ಮೈಯ ಮೇಲೆ ಅವಳು ಒಂದು ಗೋಣಿ ತಟ್ಟು ಎಸೆದಳು.

"ತಗೋರಿ, ಮೈಬಿಸಿ ಆರಿಲ್ಲ ಇನ್ನಾ," ಅಂದಳು.

"ಅಜ್ಜ ಈಗ ಏನ ಉಡತಾನ್ರಿ?" ಎಂದು ಕೇಳಿದೆ.

"ನಾಳೆ ಬ್ಯಾರೆ ಹಳೇದ ಉಡಸ್ತೇನಿ. ಹೊಸಾದ ಉಡಿಸಿದರ ಹೊಲಸ ಮಾಡತಾನ್ರಿ. ಹೊಸಾವು ಮದವಿ ಮುಂಜಿವ್ಯಾಗ ಆಹೇರಿ ಕೊಡಾಕ ಬೇಕಾಗತಾವು."

ಸಾವಂತ್ರೆವ್ವ ಆ ಧೋತರವನ್ನು ಕಣ್ಣಿಗೆ ಒತ್ತಿಕೊಂಡಳು. ಎದುರಿಗೆ ಮುದುಕ ನಡುಗುತ್ತಿದ್ದ, ಇವಳು ಅವನ ಬಟ್ಟೆಗೆ ಕೈಮುಗಿಯುತ್ತಿದ್ದಳು.

ಸತ್ಯಪ್ಪಜ್ಜ ಕಣ್ಣು ತೆರೆದು ನನ್ನ ಹೊಟ್ಟೆ ನೋಡಿದ. "ಇನ್ನೂ ಎಷ್ಟ ಮಂದಿಗೆ ಕೊಡಬೇಕವಾ?" ಅಂದ.

ಅತ್ತೆಯ ಕೈಯಿಂದ ಧೋತರ ಕಸಿದುಕೊಂಡೆ. "ಅಜ್ಜನ್ನ ಎತ್ತಿ ಹಿಡೀ," ಎಂದು ಪರಶುಗೆ ಹೇಳಿದೆ. ಅವನು ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಂದು ಮುದುಕನ ಬೆನ್ನಿಗೆ ಕೈ ಕೊಟ್ಟ. ನನ್ನ ಗಂಡನ ಬಗ್ಗೆ ಒಳ್ಳೆಯ ಮಾತಾಡುವ ಸಂದರ್ಭ ಕಡಿಮೆ, ಆದ್ದರಿಂದ ಇದನ್ನು ಹೇಳಲೇಬೇಕು. ಇಬ್ಬರೂ ಸೇರಿ ಅಜ್ಜನಿಗೆ ಅವನ ಧೋತರ ಉಡಿಸಿದೆವು. "ಕೊಟ್ಟ ಮ್ಯಾಲೆ ಹೊಸಾದ ವಾಪಸ್ ಬರೂದಿಲ್ಲ ನೋಡ್ರಿ," ಎಂದು ರಾಮವ್ವ ಕಪಾಟಿಗೆ ಕೀಲಿ ಹಾಕಿದಳು.

ದಾರಿಯುದ್ದಕ್ಕೂ ಸಾವಂತ್ರೆವ್ವ ಬೈದಳು. ಸಂಪಗಾಂವ ಮುಟ್ಟಿದ ಮೇಲೂ ನಿಲ್ಲಿಸಲಿಲ್ಲ. "ಕೈಗೆ ಬಂದ ಆಯುಷ್ಯಾನ ತಿರುಗಿ ಕೊಟ್ಟ ಬಂದಾಳ ನಿಮ್ಮ ಮೊಮ್ಮಗಳು!" ಎಂದು ಅಜ್ಜಿಯ ಎದುರು ಎದೆ ಬಡಿದುಕೊಂಡಳು. ನಾನು ಟ್ರಂಕು ತೆರೆದು ಅವ್ವನ ಸೀರೆ ತೆಗೆದೆ.

"ಆ ಅಲ್ಪಾಯುಷಿ ಸೀರಿ ನನ್ನ ಮೊಮ್ಮಗನ ಮೈಗೆ ಹತ್ತಿತಂದ್ರ ನಾ ಈ ಹೊಸ್ತಿಲಾ ತುಳ್ಯಾಂಗಿಲ್ಲ! ಅದನ್ನ ಸುತ್ತಿ ಕೂಸಿನ್ನ ಮಣ್ಣಿಗೆ ಕಳಸಾಕಿ ಅದೀಯೇನ?"

ಪದ್ಧತಿಯನ್ನು ಇಷ್ಟೆಲ್ಲ ಹೀಯಾಳಿಸಿದ ನನಗೂ ಆ ಮಾತಿಗೆ ಒಂದು ಕ್ಷಣ ನಿಜವಾಗಿಯೂ ಹೆದರಿಕೆಯಾಯಿತು. ಹೊಟ್ಟೆಯಲ್ಲಿ ಕೂಸು ಒದೆಯಿತು. ಸೀರೆಯನ್ನು ಮತ್ತೆ ಟ್ರಂಕಿನಲ್ಲಿಡಲೇ ಎಂದುಕೊಂಡೆ.

ಅಷ್ಟರಲ್ಲಿ ಅಜ್ಜಿ ಎದ್ದು ಬಂದು ಸೀರೆಯ ಇನ್ನೊಂದು ಅಂಚು ಹಿಡಿದಳು. ಕಸಿದುಕೊಳ್ಳಲು ಬಂದಳೆಂದೇ ತಿಳಿದೆ.

"ಸಾವಂತ್ರೆವ್ವಾ," ಅಂದಳು ಮೆಲ್ಲಗೆ. "ತಂಗೆವ್ವ ಹುಟ್ಟಿದಾಗ ಆಕಿಗೆ ಏನ ಸುತ್ತಿದ್ದೆ ಗೊತ್ತೈತೇನ? ರಾಮದುರ್ಗದಾಗ ನೂರ ವರ್ಷದ ಮುದುಕ ಒಬ್ಬ ಅದಾನ ಅಂದ್ರು. ತುಂಬಿದ ಬಸುರಿ, ನಾನ ಹೋಗಿ ಕಾಲ ಬಿದ್ದು ಅವನ ಧೋತರಾ ತಂದಿದ್ದೆ. ಅದರಾಗ ಸುತ್ತಿದ್ದೆ ನನ್ನ ಮಗಳನ್ನ."

ಸಾವಂತ್ರೆವ್ವ ಎದೆ ಬಡಿದುಕೊಳ್ಳುತ್ತಿದ್ದ ಕೈ ಇಳಿಸಿದಳು.

ಅಜ್ಜಿ ಸೆರಗಿನ ಕಡೆಯ ಅಂಚು ಹುಡುಕಿ, ಹಲ್ಲಿನಿಂದ ಕಚ್ಚಿ ಸೀಳು ಮಾಡಿದಳು. "ಆ ಕಡೆ ಗಟ್ಟಿ ಹಿಡಿ, ದುರ್ಗಾ. ಕೂಸಿಗೆ ಸುತ್ತಾಕ ಇಷ್ಟ ಸಾಕು," ಅಂದಳು. ಇಬ್ಬರೂ ಕೂಡಿ ಹರಿದೆವು.