ಗಾಜಿನಾಚೆ ಕುಳಿತ ಮಗ

ನನ್ನ ಗಂಡನಿಗೆ ಕಾನೂನೇ ಮೊದಲ ಹೆಂಡತಿ, ನಾನು ಎರಡನೆಯವಳು. ಪರದೇಶದವರಿಗೆ ವಾಸದ ಪರವಾನಗಿ ಕೊಡುವ ಕಚೇರಿಯಲ್ಲಿ, ಗಾಜಿನ ಹಿಂದೆ ಕೂರುವ ಸಾಹೇಬರು ಅವರು. ಫೋಟೋದಲ್ಲಿ ಕಿವಿ ಸರಿಯಾಗಿ ಕಾಣಲಿಲ್ಲವೆಂದು ತುಂಬು ಬಸುರಿಯನ್ನು ವಾಪಸ್ ಕಳಿಸಿ, ಮನೆಗೆ ಬಂದು ಅದನ್ನೇ ದೊಡ್ಡ ಪರಾಕ್ರಮವೆಂಬಂತೆ ಹೇಳಿಕೊಂಡ ಮಹಾನುಭಾವ.

ಇಂಥವರ ಹೆತ್ತ ತಾಯಿಯೇ ಪರದೇಶದವರು! ನಮ್ಮತ್ತೆ ನದಿಯಾಚೆಯ ದೇಶದಿಂದ ಮದುವೆಯಾಗಿ ಈಚೆಗೆ ಬಂದವರು. ಇಲ್ಲಿಯ ಪೌರತ್ವ ತೆಗೆದುಕೋ ಎಂದು ಮಾವನವರು ಸಾಯುವವರೆಗೂ ಗೋಗರೆದರಂತೆ. "ಗಂಡನ ಮನೆಗೆ ಬಂದೆ ಅಂತ ತವರನ್ನೇ ಬಿಟ್ಟುಬಿಡ್ಬೇಕಾ? ನೀವು ನಿಮ್ಮಪ್ಪನ ಹೆಸರು ಬಿಟ್ರಾ?" ಎಂದು ಅವರ ಬಾಯಿ ಮುಚ್ಚಿಸಿದ ಹೆಂಗಸು. ಹೀಗಾಗಿ ವರ್ಷವರ್ಷವೂ ಪರವಾನಗಿ ನವೀಕರಿಸಬೇಕು. ಮೊದಲು 'ಗಂಡನ ಜೊತೆ ವಾಸ' ಎಂದು ಬರೆಯುತ್ತಿದ್ದರು, ಈಗ 'ಮಗನ ಜೊತೆ ವಾಸ'.

ಈ ಸಲ ಎಡವಟ್ಟಾಯಿತು. ಅತ್ತೆಯ ಅರ್ಜಿ ನೋಡುತ್ತಿದ್ದ ಪಕ್ಕದ ಕೌಂಟರಿನವರು ನಿವೃತ್ತರಾದರು, ಆ ಕುರ್ಚಿಗೆ ಯಾರೂ ಬರಲಿಲ್ಲ. ಉಳಿದದ್ದು ನಮ್ಮ ಸಾಹೇಬರ ಕೌಂಟರೊಂದೇ. ಅಧಿಕಾರಿಯಾದವನು ತನ್ನ ಸಂಬಂಧಿಕರ ಅರ್ಜಿ ಮುಟ್ಟಬಾರದೆಂದು ನಿಯಮ. ಹಳೆಯ ಪರವಾನಗಿ ಆ ವಾರವೇ ಮುಗಿಯುವುದಿತ್ತು. ಮುಗಿದರೆ ಅತ್ತೆಯನ್ನು ನದಿ ದಾಟಿಸಿಬಿಡುತ್ತಾರೆ, ಆ ಕಡೆ ಅವರಿಗೆ ಈಗ ಒಂದು ನರಪಿಳ್ಳೆಯೂ ಇಲ್ಲ.

"ಅದಕ್ಕೇನಂತೆ?" ಎಂದರು ನನ್ನ ಗಂಡ, ಊಟಕ್ಕೆ ಕುಳಿತಾಗ. "ಅಧಿಕಾರಿಗೂ ನನಗೂ ಯಾವ ಸಂಬಂಧವೂ ಇಲ್ಲ ಅಂತ ಅಮ್ಮ ಒಂದು ಪ್ರಮಾಣ ಬರ್ಕೊಟ್ರೆ ಮುಗೀತು."

"ಅದು ಸುಳ್ಳಲ್ವೇನ್ರೀ?"

"ಸಹಿ ಬಿದ್ಮೇಲೆ ಸುಳ್ಳೆಲ್ಲಿಂದ ಬಂತು?"

ನನ್ನ ಕೈಯಲ್ಲಿದ್ದ ಸೌಟು ಆ ತಲೆಯ ಮೇಲೆ ಬೀಳದೆ ಉಳಿದದ್ದು ಅವರ ಪುಣ್ಯ. ಅತ್ತೆ ಮಾತ್ರ, "ತಾ, ಹಾಕ್ತೀನಿ" ಎಂದರು. ನನ್ನ ಹತ್ತಿರವಾದರೆ ಉಪ್ಪಿಗೂ ಜಗಳ, ಖಾರಕ್ಕೂ ಜಗಳ. ಮಗನ ಮುಂದೆ ತುಟಿ ಪಿಟಿಕ್ ಅನ್ನುವುದಿಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರೂ ಕಚೇರಿಯ ಬೆಂಚು ಸವೆಸಿ, ಸರದಿ ಬಂದಾಗ ಕಿಂಡಿಯ ಮುಂದೆ ನಿಂತೆವು. ಪ್ರಮಾಣದ ಕಾಗದ ಒಳಗೆ ಹೋಯಿತು. ನನ್ನ ಗಂಡ ತಲೆಯೆತ್ತಲಿಲ್ಲ.

"ಇಲ್ಲಿ ಯಾರ ಜೊತೆ ವಾಸ?"

"ಮಗನ ಜೊತೆ ಸಾರ್," ಎಂದರು ಅತ್ತೆ.

"ಮಗ ಯಾರು?"

ಅತ್ತೆ ನನ್ನ ಮುಖ ನೋಡಿದರು. ನೀನೇ ಎಂದರೆ ಅರ್ಜಿ ಮುಟ್ಟುವಂತಿಲ್ಲ, ನೀನಲ್ಲ ಎಂದರೆ ಈ ದೇಶದಲ್ಲಿರಲು ಕಾರಣವೇ ಇಲ್ಲ. ನಮ್ಮ ಬೃಹಸ್ಪತಿಗೆ ಇದು ಹೊಳೆದದ್ದು ಆಗಲೇ ಇರಬೇಕು, ಬರೆಯುತ್ತಿದ್ದ ಪೆನ್ನು ನಿಂತಿತು.

"ಸೊಸೆ ಜೊತೆ ಅಂತ ಬರ್ಕೊಳ್ಳಿ," ಎಂದೆ ನಾನು.

"ನಿಮ್ಮ ಯಜಮಾನರು ಎಲ್ಲಿದ್ದಾರೆ?"

ನನಗೆ ಪಿತ್ತ ನೆತ್ತಿಗೇರಿತು. "ತೀರ್ಕೊಂಡ್ರು ಸಾರ್!"

ಹಿಂದೆ ನಿಂತವರು ಅಯ್ಯೋ ಪಾಪ ಎಂದು ಲೊಚಗುಟ್ಟಿದರು. ನನ್ನ ಗಂಡ ಅಭ್ಯಾಸಬಲದಿಂದ, "ಮರಣ ಪ್ರಮಾಣಪತ್ರ ತಂದಿದ್ದೀರಾ?" ಎಂದುಬಿಟ್ಟರು.

"ಬಿಡ್ತು ಅನ್ನೇ!" ಅತ್ತೆ ನನ್ನ ರಟ್ಟೆಗೆ ಬಾರಿಸಿದರು. ಕಿಂಡಿಯೊಳಗೆ ಕೈ ಹಾಕಿ ಪ್ರಮಾಣದ ಕಾಗದ ಎಳೆದುಕೊಂಡು ಪರಪರ ಹರಿದರು. "ಗುಂಡುಕಲ್ಲಿನ ಹಾಗೆ ಎದುರಿಗೇ ಕೂತಿದಾನೆ ನನ್ನ ಮಗ! ಇವನನ್ನ ಹೆರೋವಾಗ ಯಾವ ಕಾಗದಕ್ಕೆ ಸಹಿ ಹಾಕಿದ್ದೆ ನಾನು? ಮಗ ಇದಾನೆ ಅನ್ಕೊಂಡು ನದಿಯಾಚೆ ಒಬ್ಳೇ ಸಾಯ್ತೀನಿ. ಮಗ ಇಲ್ಲ ಅಂತ ಬರ್ಕೊಟ್ಟು ಇಲ್ಲಿ ಬದುಕೋದು ನನ್ನ ಕೈಲಾಗಲ್ಲ."

ಅಷ್ಟು ಹೇಳಿ ಬಾಗಿಲ ಕಡೆ ಹೊರಟೇಬಿಟ್ಟರು. ನನಗೆ ಅಳು ಒತ್ತರಿಸಿ ಬಂತು. ಜಗಳವಾಡುವುದಕ್ಕಾದರೂ ಆ ಜೀವ ನನಗೆ ಬೇಕಿತ್ತು.

ಒಳಗೆ ಕುರ್ಚಿ ದಡಾರನೆ ಉರುಳಿತು. ನನ್ನ ಗಂಡ ಪಕ್ಕದ ಬಾಗಿಲಿನಿಂದ ಓಡಿ ಬಂದು ಅಮ್ಮನ ಕೈ ಹಿಡಿದುಕೊಂಡರು. "ಅಮ್ಮಾ, ನಿಲ್ಲಮ್ಮ" ಎಂದು ಅವರನ್ನು ಮತ್ತೆ ಕಿಂಡಿಯ ಮುಂದೆ ತಂದು ನಿಲ್ಲಿಸಿ, ತಾವೂ ಪಕ್ಕದಲ್ಲಿ ನಿಂತರು. ಒಳಗೆ ಕುರ್ಚಿ ಖಾಲಿ. ಸಾಲಿನಲ್ಲಿದ್ದವರು ಬೊಬ್ಬೆ ಹೊಡೆದರು. ಗದ್ದಲ ಕೇಳಿ ಮಹಡಿಯಿಂದ ಮೇಲಧಿಕಾರಿಗಳು ಇಳಿದು ಬಂದು, ಬೇರೆ ದಾರಿ ಕಾಣದೆ ತಾವೇ ಆ ಕುರ್ಚಿ ಎತ್ತಿ ನಿಲ್ಲಿಸಿ ಕೂತರು.

"ಏನ್ರೀ ಇದು ಅವಾಂತರ? ಆ ಕಡೆ ಯಾಕ್ರೀ ನಿಂತಿದ್ದೀರಿ?"

"ನಾನು ಇವರ ಮಗ ಸಾರ್," ಎಂದರು ನನ್ನ ಗಂಡ.

"ಪುರಾವೆ?"

ಜನ್ಮದಲ್ಲಿ ಮೊದಲ ಸಲ ಆ ಪ್ರಶ್ನೆ ಅವರ ಕಡೆಗೇ ತಿರುಗಿತ್ತು. ಜೇಬುಗಳನ್ನೆಲ್ಲ ತಡಕಾಡಿದರು, ಏನೂ ಸಿಗದೆ ಬೆವತುಹೋದರು. ಅತ್ತೆ ಸೆರಗಿನಿಂದ ಆ ಮುಖ ಒರೆಸಿ, "ಬೆಳಿಗ್ಗೆ ಏನೂ ತಿನ್ನದೆ ಬಂದಿದಾನೆ ಸಾರ್, ಬೇಗ ಮುಗಿಸಿಕೊಡಿ" ಎಂದರು.

ಮೇಲಧಿಕಾರಿಗಳು ಮತ್ತೇನೂ ಕೇಳದೆ ಮುದ್ರೆ ಒತ್ತಿದರು.

ಕೆಲಸದ ಹೊತ್ತಿನಲ್ಲಿ ಕುರ್ಚಿ ಬಿಟ್ಟು ಎದ್ದದ್ದಕ್ಕೆ ಕಾರಣ ಕೇಳಿ ನನ್ನ ಗಂಡನಿಗೆ ಸಂಜೆಯೇ ನೋಟಿಸು ಬಂತು. ನಿಯಮ, ಉಪನಿಯಮ ಎಂದು ಪುಟಗಟ್ಟಲೆ ಬರೆಯುವ ಮನುಷ್ಯ ಈ ಸಲ ಬರೆದದ್ದು ಇಷ್ಟೇ: "ಅಮ್ಮ ಹೊರಟುಬಿಟ್ಟಿದ್ದರು."